ಸಹಿ ನಿಮ್ಮದೇ ತಾನೇ?

ಈಗಷ್ಟೇ ಹಾಸನದ ಬಿ.ಎಂ. ರಸ್ತೆಯ ಒಂದು ಬ್ಯಾಂಕಿನಿಂದ ಹೊರಬಂದೆ. ಮೈಯೆಲ್ಲ ಉರಿಯುತ್ತಿದೆ. ಉದ್ದ ಬರೆಯುತ್ತೇನೆ, ಪುರುಸೊತ್ತಿಲ್ಲದವರು ಮುಂದೆ ಹೋಗಬಹುದು.

ಸಾಲಿನಲ್ಲಿ ನನ್ನ ಮುಂದಿದ್ದ ಹೆಣ್ಣುಮಗಳು, "ಸಾರ್, ಈ ಸಾಲದ ದುಡ್ಡನ್ನು ನಾನು ಕಣ್ಣಿನಲ್ಲೂ ನೋಡಿಲ್ಲ. ಯಜಮಾನರು ಹೊಡೆದು ಸಹಿ ಹಾಕಿಸಿಕೊಂಡರು" ಎಂದಳು. ಮೇಜಿನಾಚೆ ಕೂತಿದ್ದ ಬ್ಯಾಂಕಿನ ಮಹಾನುಭಾವರು ಕಡತ ತಿರುಗಿಸಿ ತೋರಿಸಿ ಕೇಳಿದ್ದು ಒಂದೇ ಮಾತು: "ಸಹಿ ನಿಮ್ಮದೇ ತಾನೇ?"

ನನ್ನ ಕಥೆ ನಿಮಗೆ ಗೊತ್ತಿರುವುದೇ. ಶುಂಠಿ ಬೆಳೆಗೆಂದು ನನ್ನ ಗಂಡ ನನ್ನ ಹೆಸರಿನಲ್ಲಿ ಸಾಲ ಎತ್ತಿದ. ಒಂದು ಗಡ್ಡೆಯೂ ನೆಲಕ್ಕೆ ಬೀಳಲಿಲ್ಲ, ದುಡ್ಡೆಲ್ಲ ಇಸ್ಪೀಟಿಗೆ ಬಿತ್ತು. ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಆ ಅರ್ಜಿಯಲ್ಲಿ ನನ್ನ ಸಹಿಯ ಕೊನೆಯ ಅಕ್ಷರ ಗೆರೆಯಿಂದ ಕೆಳಕ್ಕೆ ಜಾರಿದೆ. ಹಿಂದಿನ ರಾತ್ರಿ ಅವನು ತಿರುಚಿದ ಹೆಬ್ಬೆರಳು ಊದಿಕೊಂಡು ಪೆನ್ನು ನಿಲ್ಲುತ್ತಿರಲಿಲ್ಲ. ಬ್ಯಾಂಕಿನವರು "ಹಳೆಯ ಸಹಿಗೆ ಹೊಂದುತ್ತಿಲ್ಲ, ಇನ್ನೊಮ್ಮೆ ಹಾಕಿ" ಎಂದರು. ಹಾಕಿದೆ. ಬೆರಳು ಏಕೆ ಊದಿದೆ ಎಂದು ಯಾರೂ ಕೇಳಲಿಲ್ಲ. ಹೌದು ಸ್ವಾಮಿ, ಸಹಿ ನನ್ನದೇ!

ಕಾನೂನು ಇಲ್ಲವೆಂದಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆರ್ಥಿಕ ಹಿಂಸೆಯೂ ಹಿಂಸೆಯೇ. ಸ್ತ್ರೀಧನ ಮಾರಿಕೊಳ್ಳುವುದು, ಖರ್ಚಿಗೆ ಕೊಡದಿರುವುದು ಎಲ್ಲವೂ ಅದರಲ್ಲಿ ಬರುತ್ತವೆ. ಹೆದರಿಸಿ ಹೆಂಡತಿಯ ಹೆಸರಿನಲ್ಲಿ ಸಾಲ ಎತ್ತುವುದನ್ನು ಮಾತ್ರ ಬಿಡಿಸಿ ಬರೆದಿಲ್ಲ. 1872ರ ಕರಾರು ಕಾಯ್ದೆಯ 19ನೇ ಕಲಂ ಪ್ರಕಾರ ಬಲವಂತದಿಂದ ಒಪ್ಪಿದ ಕರಾರನ್ನು ಒಪ್ಪಿದವರು ರದ್ದು ಮಾಡಿಸಬಹುದು. ಸಾಬೀತು ಮಾಡುವ ಹೊರೆ ಯಾರದು? ನಮ್ಮದೇ. ಬಾಗಿಲು ಹಾಕಿಕೊಂಡು ಹೊಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಬಡ್ಡಿಯಂತೂ ತೀರ್ಪಿಗೆ ಕಾಯುವುದಿಲ್ಲ.

"ಎಲ್ಲರೂ ಹೀಗೇ ಹೇಳಿದರೆ ಬ್ಯಾಂಕ್ ನಡೆಯುವುದು ಹೇಗೆ?" ಎಂದು ನನ್ನ ಭಾವನೇ ಕೇಳಿದರು. ಸರಿ, ಠೇವಣಿ ಇಟ್ಟವರ ದುಡ್ಡು ಅದು, ಒಪ್ಪಿದೆ. ಆದರೆ ಸಾಲ ಕೊಡುವ ಮುಂಚೆ ಗಂಡನನ್ನು ಹೊರಗೆ ಕೂರಿಸಿ, "ಅಮ್ಮಾ, ಇದು ನಿಮಗೆ ಒಪ್ಪಿಗೆಯೇ?" ಎಂದು ಕೇಳಲು ಎಷ್ಟು ಖರ್ಚಾಗುತ್ತದೆ? ಪಹಣಿಯನ್ನು ಮೂರು ಸಲ ತಿರುವಿ ನೋಡುವವರಿಗೆ ಎದುರು ಕೂತವಳ ಮುಖ ನೋಡಲು ಬಿಡುವಿಲ್ಲ.

ಗಂಡನನ್ನು ಬಿಟ್ಟರೂ, ನಮ್ಮ ಸಾಲದ ದಾಖಲೆ ಇಟ್ಟು ಅಂಕ ಕೊಡುವ ಸಿಬಿಲ್ ಬಿಡುವುದಿಲ್ಲ. 300ರಿಂದ 900ರವರೆಗಿನ ಆ ಅಂಕದಲ್ಲಿ ಪೆಟ್ಟು ತಿಂದವರಿಗೆ ಬೇರೆ ಕಾಲಂ ಇಲ್ಲ. ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದರೆ ಹಳೆಯ ಕಂತು ತೋರಿಸುತ್ತಾರೆ. ಆದರೂ ವರ್ಷಕ್ಕೊಮ್ಮೆ ಸಿಬಿಲ್‌ನ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ, ತೆಗೆಸಿ ನೋಡಿ. ನಿಮ್ಮ ಮೊಬೈಲ್ ಕಸಿದುಕೊಂಡು ಒಟಿಪಿ ಒತ್ತಿ ತೆಗೆದ ಸಾಲಗಳು ಅಲ್ಲಿ ಕಂಡರೆ ಕೂಡಲೇ ಸಿಬಿಲ್‌ಗೋ ಸಾಲ ಕೊಟ್ಟವರಿಗೋ ಲಿಖಿತ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಿರಬೇಡಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ, ಸಂಖ್ಯೆ 15100.

ಆ ಹೆಣ್ಣುಮಗಳಿಗೆ ಇಷ್ಟನ್ನೂ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತೇ ಹೇಳಿದೆ. ಸೋಮವಾರ ಅರ್ಜಿ ಬರೆಯಲು ಕಾನೂನು ಸೇವಾ ಪ್ರಾಧಿಕಾರಕ್ಕೆ ಇಬ್ಬರೂ ಹೋಗುತ್ತಿದ್ದೇವೆ. ಜೊತೆಗೆ ಬರಬೇಕಾದವರು ಇನ್ಯಾರಾದರೂ ಇದ್ದರೆ ಇನ್‌ಬಾಕ್ಸಿನಲ್ಲಿ ತಿಳಿಸಿ. ನನಗೆ ಬಾಯಿ ಜೋರು, ಅದು ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ.