ಸ್ಪಷ್ಟನೆ: ಘಾಟಿ ಲೂಪನ್ನು (ಘಾಟಿ ಹತ್ತಿಳಿದು ಹೊರಟಲ್ಲಿಗೇ ವಾಪಸ್ ಸೇರುವ ದಾರಿ) ಯಾವ ಕಡೆಯಿಂದ ಸುತ್ತಿದರೂ ಒಂದೇನಾ?

"ಲೂಪ್ ಅಂದಮೇಲೆ ಹತ್ತಿದಷ್ಟೂ ಇಳಿಯಲೇಬೇಕು. ಯಾವ ದಿಕ್ಕಾದರೂ ಶ್ರಮ ಒಂದೇ, ಏರಿನಲ್ಲಿ ಹೋದ ಸಮಯ ಇಳಿಜಾರಿನಲ್ಲಿ ವಾಪಸ್ ಸಿಗುತ್ತದೆ" ಎಂಬ ಮಾತು ಸೈಕಲ್ ಸವಾರರ ನಡುವೆ ಓಡಾಡುತ್ತಿದೆ. ಅರ್ಧ ನಿಜ, ಅಷ್ಟೇ.

ಒಟ್ಟು ಏರು ಎರಡೂ ದಿಕ್ಕಿನಲ್ಲಿ ಒಂದೇ, ಒಪ್ಪೋಣ. ಆದರೆ 1000 ಮೀಟರ್ ಏರುವ ಘಾಟಿ ಒಂದು ಬದಿಯಿಂದ 20 ಕಿ.ಮೀ., ಇನ್ನೊಂದು ಬದಿಯಿಂದ ಬರೀ 10 ಕಿ.ಮೀ. ಅಂದುಕೊಳ್ಳಿ. ಮೊದಲನೆಯದು ಶೇ 5ರ ಏರು, ಎರಡನೆಯದು ಶೇ 10. ಸೈಕಲ್ ಸೇರಿ 80 ಕೆ.ಜಿ. ಇರುವವರು 200 ವಾಟ್ ಶಕ್ತಿ ಹಾಕಿ ತುಳಿದರೂ ಕಡಿದಾದ ಬದಿಯಲ್ಲಿ ವೇಗ ಗಂಟೆಗೆ ಸುಮಾರು 9 ಕಿ.ಮೀ. ಮಾತ್ರ. ಮುಂದೆ 34, ಹಿಂದೆ 28 ಹಲ್ಲಿನ ಗೇರ್ ಇದ್ದರೆ ಪೆಡಲ್ ನಿಮಿಷಕ್ಕೆ 60 ಸುತ್ತೂ ತಿರುಗುವುದಿಲ್ಲ. ಮಂಡಿ ನೋವು ಶುರುವಾಗುವುದು ಇಲ್ಲೇ. ಹಿಂದೆಯೂ 34 ಹಾಕಿಸಿದರೆ 70ರ ಹತ್ತಿರ ಬರುತ್ತದೆ. ದಿಕ್ಕು ಆರಿಸುವ ಮುಂಚೆ ಹಿಂದಿನ ಚಕ್ರದ ಹಲ್ಲು ಎಣಿಸಿ.

ಇನ್ನು ಸಮಯದ ಲೆಕ್ಕ. ಬೇರೊಂದು ಉದಾಹರಣೆ: 20 ಕಿ.ಮೀ. ಏರನ್ನು ಗಂಟೆಗೆ 10ರ ವೇಗದಲ್ಲಿ ಹತ್ತಿದರೆ 2 ಗಂಟೆ. ಅಷ್ಟೇ ದೂರ 40ರಲ್ಲಿ ಇಳಿದರೆ ಅರ್ಧ ಗಂಟೆ. ಸರಾಸರಿ 25 ಅಲ್ಲ, 16! ಸರಾಸರಿ 20 ಬೇಕೆಂದರೆ 40 ಕಿ.ಮೀ.ಗೆ ಸಿಗುವ 2 ಗಂಟೆಯೂ ಏರಿನಲ್ಲೇ ಮುಗಿದಿರುತ್ತದೆ, ಇಳಿಯೋಕೆ ಒಂದು ಸೆಕೆಂಡೂ ಉಳಿದಿರುವುದಿಲ್ಲ.

ಕಡಿದಾದ ಬದಿಯನ್ನು ಇಳಿಯಲು ಇಟ್ಟುಕೊಂಡರೆ ಬ್ರೇಕ್ ಜಾಸ್ತಿ ಬಿಸಿಯಾಗುತ್ತದೆ. ಉದ್ದಕ್ಕೂ ಸುಮ್ನೆ ಹಿಡಿದೇ ಇರಬೇಡಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಆಮೇಲೆ ಸಡಿಲ ಬಿಡಿ. ಮೇಲೆ ಚಳಿಯೂ ಇರುತ್ತದೆ. 1000 ಮೀಟರಿಗೆ ಸುಮಾರು 6 ಡಿಗ್ರಿ ಇಳಿಯುತ್ತದೆ, ಬೆವರಿದ ಮೈಗೆ ಗಾಳಿ ಬೇರೆ. ತೆಳು ಜಾಕೆಟ್ ಒಂದು ಜೇಬಿನಲ್ಲಿರಲಿ.