ಸಮವಸ್ತ್ರ ಬಿಗಿಯಾದರೆ ಅಂಕ ಜಾಸ್ತಿಯಾಗುತ್ತಾ?

ಸಮವಸ್ತ್ರದ ವಿಷಯದಲ್ಲಿ ಶಾಲೆ ಎಷ್ಟು ಬಿಗಿಯೋ ಮಕ್ಕಳಿಗೆ ಅಷ್ಟು ಶಿಸ್ತು, ಅಷ್ಟು ಅಂಕ, ಸಂಶೋಧನೆಯೇ ಹೇಳಿದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಕಳಿಸುವವರು ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ. ಆದರೆ ಸಂಶೋಧನೆ ಹಾಗೆ ಹೇಳಿಲ್ಲ.

ಈ ನಂಬಿಕೆಗೆ ಬಲ ಬಂದದ್ದು ಅಮೆರಿಕದ ಲಾಂಗ್ ಬೀಚ್‌ನಿಂದ. 1994ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಎಂಟನೇ ತರಗತಿವರೆಗೆ ಸಮವಸ್ತ್ರ ಕಡ್ಡಾಯವಾಯಿತು. ಆಮೇಲೆ ಗಲಾಟೆ ಕಡಿಮೆಯಾಯಿತು ಎಂಬ ವರದಿಗಳು ಬಂದವು. ಆದರೆ ಅದೇ ಹೊತ್ತಿಗೆ ಬೇರೆ ಸುಧಾರಣೆಗಳೂ ನಡೆದಿದ್ದವು. ಹೆಸರು ಮಾತ್ರ ಬಟ್ಟೆಗೆ ಬಂತು! 1998ರಲ್ಲಿ ಬಂದ ಅಧ್ಯಯನವೊಂದಕ್ಕೆ ಹಾಜರಿಯಲ್ಲಾಗಲಿ ನಡತೆಯಲ್ಲಾಗಲಿ ಸಮವಸ್ತ್ರದ ನೇರ ಪರಿಣಾಮ ಕಾಣಲಿಲ್ಲ. ಆರು ಸಾವಿರಕ್ಕೂ ಹೆಚ್ಚು ಚಿಕ್ಕ ಮಕ್ಕಳನ್ನು ಗಮನಿಸಿ 2021ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲೂ ನಡತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಇನ್ನೊಂದು ಮಾತು. ಇವು ನೋಡಿದ್ದು ಸಮವಸ್ತ್ರ ಇದೆಯೋ ಇಲ್ಲವೋ ಎಂಬುದನ್ನು, ಎಷ್ಟು ಬಿಗಿ ಎಂಬುದನ್ನಲ್ಲ. ಸಂದೇಶ ಎರಡನ್ನೂ ಸುಮ್ನೆ ಬೆರೆಸಿಬಿಡುತ್ತದೆ. ಕಪ್ಪು ಶೂ ಬದಲು ಕಂದು ಶೂ ಹಾಕಿಕೊಂಡು ಬಂದ ಹುಡುಗಿಯನ್ನು ಬಾಗಿಲ ಹೊರಗೆ ನಿಲ್ಲಿಸಿದರೆ, ಒಳಗೆ ನಡೆಯುವ ಗಣಿತದ ಪಾಠ ಅವಳಿಗೆ ತಪ್ಪುತ್ತದೆ, ಅಲ್ವಾ? ಹಾಗಂತ ಸಮವಸ್ತ್ರವೇ ಬೇಡ ಅಂತಲ್ಲ. ಬೆಳಿಗ್ಗೆ ಏನು ಹಾಕಿಕೊಳ್ಳುವುದು ಎಂಬ ಚಿಂತೆ ತಪ್ಪುವುದೂ ಒಂದು ಅನುಕೂಲವೇ.

ಮುಂದಿನ ಸಲ ಇಂಥ ಸಂದೇಶ ಬಂದರೆ ಅಧ್ಯಯನ ಯಾರದ್ದು, ಯಾವ ವರ್ಷದ್ದು ಎಂದು ಬರೆದಿದೆಯಾ ನೋಡಿ. ಬರೆದಿದ್ದರೆ ಹುಡುಕಿ, ಅದರ ಸಾರಾಂಶವನ್ನಾದರೂ ಓದಿ. ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ, ಅದೇ ಸಮಯದಲ್ಲಿ ಶಾಲೆಯಲ್ಲಿ ಬೇರೇನು ಬದಲಾಯಿತು ಎಂಬುದು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.