ಚಪಾತಿಗೆ ಮಾತ್ರ ನೋಯುವ ಕೈ

ಆಯುಧಪೂಜೆಯ ಹಿಂದಿನ ದಿನ ಮಗನ ರೂಮು ಗುಡಿಸುತ್ತಿದ್ದೆ. ಬೀರುವಿನ ಹಿಂದೆ ಗೋಡೆಗೆ ಒರಗಿದ್ದ ಕರಿ ಚೀಲ ಕಣ್ಣಿಗೆ ಬಿತ್ತು. ಕಾಲೇಜಿನಲ್ಲಿದ್ದಾಗ ಹಟ ಹಿಡಿದು ಕೊಡಿಸಿಕೊಂಡಿದ್ದ ಬೇಸ್ ಗಿಟಾರು. ಮೂರು ಫೆಸ್ಟ್‌ಗಳಲ್ಲಿ ಬಾರಿಸಿದ. ಪುಣೆಯಲ್ಲಿ ಕೆಲಸ ಸಿಕ್ಕಿತು, ಹೋದ. ಬಕೆಟ್ಟು, ಇಸ್ತ್ರಿಪೆಟ್ಟಿಗೆ, ಎರಡು ಕೆಜಿ ಹುಳಿಪುಡಿ ಎಲ್ಲ ಹೊತ್ತುಕೊಂಡು ಹೋದವನು ಇದನ್ನು ಮಾತ್ರ ಬಿಟ್ಟಿದ್ದ. ಬೀರುವಿನ ಹಿಂದೆ ಯಾಕೆ ಅಂದರೆ ಅದಕ್ಕೊಂದು ಇತಿಹಾಸವಿದೆ. ಒಮ್ಮೆ ಅವನ ಉಣ್ಣೆ ಸ್ವೆಟರನ್ನು ನಾನು ವಾಷಿಂಗ್ ಮಷೀನಿಗೆ ಹಾಕಿದ್ದೆ. ಹೊರಗೆ ಬಂದಾಗ ಅದು ಎದುರುಮನೆ ಯುಕೆಜಿ ಮಗುವಿಗೆ ಹೇಳಿ ಮಾಡಿಸಿದ ಹಾಗಿತ್ತು. ಅಂದಿನಿಂದ ಅವನ ವಸ್ತುಗಳೆಲ್ಲ ನನ್ನ ಕೈಗೆ ಸಿಗದ ಜಾಗದಲ್ಲೇ ಇರುತ್ತವೆ.

ಫೋನು ಮಾಡಿ ಕೇಳಿದೆ. "ಏನಾದ್ರೂ ಮಾಡ್ಕೋಮ್ಮ, ನಂಗೆ ಬೇಡ" ಅಂದ.

ಮೈಸೂರಿನ ಮನೆಗಳಲ್ಲಿ ಆಯುಧಪೂಜೆ ಅಂದರೆ ಗೊತ್ತಲ್ಲ, ಕುಯ್ಯೋದು, ರುಬ್ಬೋದು, ಓಡೋದು ಎಲ್ಲಕ್ಕೂ ಕುಂಕುಮ. ಸ್ಕೂಟರು, ಈಳಿಗೆಮಣೆ, ಮಿಕ್ಸಿಯ ಸಾಲಿನಲ್ಲಿ ಗಿಟಾರನ್ನೂ ನಿಲ್ಲಿಸಿದೆ. ಅತ್ತೆ ಅದಕ್ಕೊಂದು ಸೇವಂತಿಗೆ ಸಿಕ್ಕಿಸಿದರು. ಮಾರನೇ ದಿನ ವಿಜಯದಶಮಿ. ಪೂಜೆಗಿಟ್ಟ ವಾದ್ಯವನ್ನು ಅವತ್ತು ಒಂದು ಸಲವಾದರೂ ನುಡಿಸಬೇಕು ಅಂತ ನಮ್ಮ ವೀಣೆ ಮೇಷ್ಟ್ರು ಹೇಳುತ್ತಿದ್ದರು. ಹೌದು, ಚಿಕ್ಕಂದಿನಲ್ಲಿ ಮೂರು ವರ್ಷ ವೀಣೆ ಕಲಿತವಳು ನಾನು. ವೀಣೆಗೂ ನುಡಿಸುವ ತಂತಿ ನಾಲ್ಕು, ಇದಕ್ಕೂ ನಾಲ್ಕು. ಏನು ಮಹಾ ಅಂತ ವೈರು ಚುಚ್ಚಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದೆ.

ಆ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದಂತೆ. ನನಗೆ ಆಗ ಅದು ಗೊತ್ತಿರಲಿಲ್ಲ. ನಮ್ಮನೆ ಸ್ಟೀಲ್ ತಟ್ಟೆಗಳಿಗೆ ಗೊತ್ತಾಯಿತು. ಸ್ಟ್ಯಾಂಡಿನಲ್ಲಿದ್ದ ಹನ್ನೆರಡೂ ತಟ್ಟೆಗಳು ಒಟ್ಟಿಗೆ ಝಲ್ ಅಂದವು. ಬಚ್ಚಲಿನಿಂದ ಅತ್ತೆ ಕೂಗಿದರು. "ಗೀಸರ್ ಸಿಡೀತೇನೇ?"

ಆ ಸದ್ದು ನನಗೆ ಹಿಡಿಸಿಬಿಟ್ಟಿತು. ಮನೆಯಲ್ಲಿ ನಾನು ಬಾಯಿ ಬಿಟ್ಟು ಹೇಳಿದ ಯಾವ ಮಾತಿಗೂ ಯಾವತ್ತೂ ಇಷ್ಟು ಪರಿಣಾಮ ಆದದ್ದಿಲ್ಲ.

ನಮ್ಮ ಬಡಾವಣೆಯಲ್ಲಿ ಚರ್ಚ್ ಬ್ಯಾಂಡಿನಲ್ಲಿ ಬೇಸ್ ನುಡಿಸುವ ಹುಡುಗ ಒಬ್ಬನಿದ್ದ. ವಾರಕ್ಕೆರಡು ದಿನ ಬಂದು ಹೇಳಿಕೊಡಲು ಒಪ್ಪಿದ. ನಾನು ಬಿಡದೆ ದಿನಾ ಒಂದು ಗಂಟೆ ಕೂತೆ. ಇಳಯರಾಜ ಅವರ ಹಳೇ ಹಾಡುಗಳನ್ನು ಹಾಕಿಕೊಂಡು, ಹಾಡುವವರನ್ನು ಬಿಟ್ಟು ಕೆಳಗೆ ಹರಿಯುವ ಬೇಸನ್ನು ಮಾತ್ರ ಕೇಳುವುದು ಅಭ್ಯಾಸವಾಯಿತು. ಇಷ್ಟು ವರ್ಷ ಆ ಹಾಡುಗಳನ್ನು ಅರ್ಧ ಮಾತ್ರ ಕೇಳಿದ್ದೆ ಅನ್ನಿಸಿತು. ಎರಡು ತಿಂಗಳು ಹೀಗೇ ಹೋಯಿತು. ಆಮೇಲೆ ಒಂದು ಬೆಳಗ್ಗೆ ಕಾಫಿ ಲೋಟ ಎತ್ತಲು ಹೋದರೆ ಎಡಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಯಾರೋ ದಬ್ಬಣ ತೂರಿಸಿದ ಹಾಗಾಯಿತು.

ಡಾಕ್ಟರ ಹತ್ತಿರ ಹೋದೆವು. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ ಅಂದರು. ಕಟ್ಟಿದೆ. ಈಗ ಕಿರುಬೆರಳಿನ ಕಡೆಗೆ ಬಗ್ಗಿಸಿ ಅಂದರು. ಬಗ್ಗಿಸಿದೆ. ನನ್ನ ಕೂಗಿಗೆ ಹೊರಗೆ ಕಾಯುತ್ತಿದ್ದ ಇಬ್ಬರು ಎದ್ದು ಮನೆಗೆ ಹೋದರಂತೆ, ನಮ್ಮನೆಯವರು ಆಮೇಲೆ ಹೇಳಿದರು.

ಡಾಕ್ಟರು ಮಾತ್ರ ಖುಷಿಯಾಗಿ ತಲೆ ಆಡಿಸಿದರು. ಹೆಬ್ಬೆರಳಿನ ಎರಡು ಟೆಂಡನ್‌ಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು, ಮಣಿಕಟ್ಟಿನ ಹತ್ತಿರ ಒಂದೇ ಕೊಳವೆಯೊಳಗೆ ಹಾದುಹೋಗುತ್ತವೆ, ಆ ಕೊಳವೆ ಊದಿಕೊಂಡು ಇಕ್ಕಟ್ಟಾಗಿದೆ ಅಂತ ವಿವರಿಸಿದರು. ಸಂತೆಪೇಟೆ ಗಲ್ಲಿಯಲ್ಲಿ ಎರಡು ಆಟೋ ಒಟ್ಟಿಗೆ ನುಗ್ಗಿದ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ.

"ಚಿಕ್ಕ ಮಕ್ಕಳನ್ನ ಪದೇ ಪದೇ ಎತ್ಕೊಳ್ಳೋ ತಾಯಂದಿರಿಗೆ ಇದು ಜಾಸ್ತಿ ಬರುತ್ತೆ. ಮನೇಲಿ ಎತ್ಕೊಳ್ಳೋ ಮಗು ಇದೆಯಾ? ಮೊಮ್ಮಗು?"

"ಇದೆ ಡಾಕ್ಟ್ರೇ."

"ಎಷ್ಟು ತೂಕ?"

"ನಾಲ್ಕೂವರೆ ಕೆಜಿ."

"ಎಷ್ಟು ತಿಂಗಳು?"

ನಮ್ಮನೆಯವರು ಕೆಮ್ಮಿದರು. ನಿಜ ಹೇಳಬೇಕಾಯಿತು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ವಯಸ್ಸಿನ ಕಾಲಂ ಇನ್ನೊಂದು ಸಲ ನೋಡಿದರು. ಹೆಬ್ಬೆರಳಿಗೂ ಸೇರಿಸಿ ಕಟ್ಟುವ ಪಟ್ಟಿ ಬರೆದುಕೊಟ್ಟರು. ಕೆಲವು ವಾರ ಹಿಟ್ಟು ನಾದಬೇಡಿ, ಬಟ್ಟೆ ಹಿಂಡಬೇಡಿ, ಆ ಮಗುವನ್ನೂ ಮುಟ್ಟಬೇಡಿ ಅಂದರು. ಮೊದಲ ಎರಡು ಆದೇಶಗಳನ್ನು ನಾನು ಮನಸ್ಪೂರ್ವಕ ಪಾಲಿಸಿದೆ.

ಈ ಕಾಯಿಲೆಯನ್ನು 1895ರಲ್ಲಿ ವಿವರಿಸಿದ ಸ್ವಿಟ್ಜರ್ಲೆಂಡಿನ ಸರ್ಜನ್ ಹೆಸರು ಡಿ ಕ್ವೆರ್ವೇನ್. ಕಾಯಿಲೆಗೂ ಅದೇ ಹೆಸರು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರಿಗೆ ಕಿವಿ ಸ್ವಲ್ಪ ಮಂದ. "ದೇವ್ರಾಣೆ ಅನ್ನೋದೆಲ್ಲ ಬಿಡು, ಕಾಯಿಲೆ ಏನೂಂತ ಹೇಳು" ಅಂದರು.

ಕೈಗೆ ಪಟ್ಟಿ ಕಟ್ಟಿಕೊಂಡು ಬೀದಿಗೆ ಇಳಿದರೆ ಊರಿನವರೆಲ್ಲ ಡಾಕ್ಟರುಗಳೇ. ಹರಳೆಣ್ಣೆ ಹಚ್ಚಿ ಅಂದರು. ಉಪ್ಪಿನ ಶಾಖ ಕೊಡಿ ಅಂದರು. ತರಕಾರಿಯವಳು ಪುತ್ತೂರು ಕಟ್ಟು ಹಾಕಿಸಿ ಅಂದಳು. ಮೂಳೆ ಮುರಿದಿಲ್ಲ ಕಣಮ್ಮ ಅಂದರೆ, ಹಾಕಿಸಿದ ಮೇಲೆ ಮುರಿಯೋದೇ ಇಲ್ಲ ಅಂದಳು.

ಐದು ವಾರ ಕಳೆಯಿತು. ನೋವು ಇಳಿಯಿತು. ಗಿಟಾರು ಎತ್ತಿಕೊಂಡ ನಾಲ್ಕನೇ ದಿನಕ್ಕೆ ಮತ್ತೆ ಹಾಜರ್. ಆಗ ನಮ್ಮನೆಯವರೊಳಗಿನ ಮೆಕ್ಯಾನಿಕ್ ಎದ್ದು ನಿಂತ. ತಂತಿ ತುಂಬ ಎತ್ತರದಲ್ಲಿದೆ, ಅದಕ್ಕೇ ಜಾಸ್ತಿ ಒತ್ತಬೇಕಾಗುತ್ತಿದೆ, ಇಳಿಸಿದರೆ ಸರಿಹೋಗುತ್ತೆ ಅಂದರು. ಮಾತು ನಿಜವೇ. ಮಂಚದ ಜೊತೆ ಬಂದಿದ್ದ ಅಲೆನ್ ಕೀ ತಂದರು. ಅದು ಸೇರಲಿಲ್ಲ. ಎದುರುಮನೆಯಿಂದ ಇನ್ನೊಂದು ಬಂತು. ಸೇರಿತು. ಇಳಿಸಿದರು, ಇಳಿಸಿದರು, ಕ್ರಿಕೆಟ್ ನೋಡುತ್ತಾ ಇನ್ನೂ ಇಳಿಸಿದರು. ತಂತಿಗಳು ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳ, ಅಂದರೆ ಫ್ರೆಟ್‌ಗಳ ಮೇಲೆ ಆರಾಮಾಗಿ ಮಲಗಿದವು. ಮೀಟಿದರೆ ಸ್ವರವೇ ಇಲ್ಲ, ಗರ್ರ್ ಅಂತ ಬೆಂಕಿಪೊಟ್ಟಣದಲ್ಲಿ ಸಿಕ್ಕಿಬಿದ್ದ ಜೀರುಂಡೆಯ ಸದ್ದು. "ಕೈ ನೋವು ಹೋಯ್ತಾ ಇಲ್ವಾ, ಅದು ಹೇಳು" ಅಂದರು ಇವರು. ಹೋಗಿತ್ತು, ಒತ್ತುವುದಕ್ಕೆ ಏನೂ ಉಳಿದಿರಲಿಲ್ಲವಲ್ಲ.

ಇನ್ನೊಂದು ಪ್ರಯೋಗ ನನ್ನದೇ. ಕೂತು ನುಡಿಸಿದರೆ ಮಣಿಕಟ್ಟು ಬಗ್ಗುತ್ತದೆ, ನಿಂತು ನೋಡೋಣ ಅಂತ ಇವರ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಬಿಚ್ಚಿ ಗಿಟಾರಿಗೆ ಸಿಕ್ಕಿಸಿದೆ. ಅರ್ಧ ನಿಮಿಷ ತಡೆಯಿತು. ಆಮೇಲೆ ನಾಲ್ಕೂವರೆ ಕೆಜಿ ಮಗು ನೇರವಾಗಿ ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಇಳಿಯಿತು. ಎರಡು ದಿನ ಮಣಿಕಟ್ಟಿನ ನೋವು ನೆನಪೇ ಆಗಲಿಲ್ಲ.

ಕೊನೆಗೆ ಗುರುವಿಗೆ ಕನಿಕರ ಬಂತು. ನನ್ನ ಕೈ ಹಿಡಿದು ನೋಡಿದ. "ಆಂಟಿ, ನೀವು ಇದನ್ನ ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡೀತಿದೀರ" ಅಂದ. ಇಷ್ಟು ವರ್ಷ ನಿಂತುಕೊಂಡು ಪ್ರಯಾಣ ಮಾಡಿದವಳ ಕೈ ಅಪ್ಪಾ ಅದು. ಹೆಬ್ಬೆರಳು ಹಿಂದೆ ಸುಮ್ನೆ ತಾಗಿದರೆ ಸಾಕು, ಅದುಮಬಾರದು ಅಂತ ತೋರಿಸಿದ. ನಾಲ್ಕು ಬೆರಳನ್ನೂ ಫ್ರೆಟ್‌ಗಳ ನಡುವಿನ ಒಂದೊಂದು ಮನೆಗೆ ಚಾಚುವುದು ಬೇಡ ಅಂದ. ಡಬಲ್ ಬೇಸ್, ಅಂದರೆ ನಿಲ್ಲಿಸಿಕೊಂಡು ನುಡಿಸುವ ಆ ದೈತ್ಯ ಪಿಟೀಲು, ಅದನ್ನು ನುಡಿಸುವವರದು ಹಳೇ ಪದ್ಧತಿ ಒಂದಿದೆ. ತೋರುಬೆರಳು, ನಡುಬೆರಳು, ಆಮೇಲೆ ಉಂಗುರಬೆರಳು, ಕಿರುಬೆರಳು ಎರಡೂ ಸೇರಿ ಒಂದು. ನಾಲ್ಕು ಮನೆ ಹಿಡಿಯುವ ಬದಲು ಮೂರು ಮನೆ ಹಿಡಿದು, ಬೇಕಾದಾಗ ಕೈಯನ್ನೇ ಜರುಗಿಸುವುದು. ನಮ್ಮ ವೀಣೆಯಲ್ಲೂ ಕೈಯೇ ಓಡಾಡುತ್ತದೆ, ಬೆರಳು ಅಗಲವಾಗಿ ಚಾಚುವುದಿಲ್ಲ. ಅದು ಮೊದಲ ದಿನವೇ ಹೊಳೆಯಬಹುದಿತ್ತು.

"ಆದ್ರೂ ಆಂಟಿ, ಈ ಬೇಸು ನಿಮ್ಮ ಸೈಜ್ ಅಲ್ಲ" ಅಂದ.

ಇದಕ್ಕೆ ಕಾರಣ ಲಿಯೊ ಫೆಂಡರ್. ಅಮೆರಿಕದವರು, ರೇಡಿಯೊ ರಿಪೇರಿ ಮಾಡುತ್ತಿದ್ದವರು. 1951ರಲ್ಲಿ ಪ್ರೆಸಿಷನ್ ಬೇಸ್ ಮಾರುಕಟ್ಟೆಗೆ ತಂದಾಗ ತಂತಿ ಅದುರುವ ಉದ್ದವನ್ನು 34 ಇಂಚು ಅಂತ ಇಟ್ಟರು. ಮಿಕ್ಕವರೂ ಹೆಚ್ಚುಕಡಿಮೆ ಅದನ್ನೇ ಹಿಡಿದುಕೊಂಡರು. ತಮಾಷೆ ಅಂದರೆ ಫೆಂಡರ್ ಅವರಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ರೊಟ್ಟಿ ತಟ್ಟದವರು ತವದ ಅಳತೆ ತೀರ್ಮಾನ ಮಾಡಿದ ಹಾಗೆ. ನಾನು ಐದು ಅಡಿ, ಚಪ್ಪಲಿ ಸೇರಿಸಿ.

ಬೆಂಗಳೂರಿಗೆ ಹೋಗಿ ಎಕ್ಸ್‌ಚೇಂಜ್ ಮಾಡುವುದು ಅಂತಾಯಿತು. ರೈಲಿನಲ್ಲಿ ಎದುರು ಕೂತಿದ್ದ ಅಜ್ಜಿ ಚೀಲ ನೋಡಿ "ವೀಣೆನಾ?" ಅಂದರು. ಹೂಂ ಅಂದೆ. ರಾಮನಗರ ಬರುವಷ್ಟರಲ್ಲಿ ಒಂದು ಕೀರ್ತನೆ ನುಡಿಸು ಅಂತ ಶುರು ಮಾಡಿದರು. ಕೈ ತೋರಿಸಿದೆ, ಪಟ್ಟಿ ಇತ್ತು. ಅವತ್ತು ಮೊದಲ ಸಲ ಅದು ಮಾನ ಉಳಿಸಿತು.

ಅಂಗಡಿಯ ಹುಡುಗ ನನ್ನ ಹಿಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ, "ನಿಮಗೇನಾ?" ಅಂತ ಕೇಳಿದ. ಮೊದಲು ಕೊಟ್ಟದ್ದರ ಕುತ್ತಿಗೆ ಹಿಡಿದರೆ ಒನಕೆ. ಓಬವ್ವನ ಕೈಗೆ ಸರಿ. ಎರಡನೆಯದರ ಕುತ್ತಿಗೆ ತುದಿಯಲ್ಲಿ 38 ಮಿಲಿಮೀಟರ್ ಅಗಲ, ಸಣ್ಣಗೆ, ಹಿಡಿಯಲು ಹಾಯಾಗಿತ್ತು. ಆದರೆ ಉದ್ದ ಅದೇ 34. ಹೆಗಲ ಮೇಲೆ ಹಾಕಿದ ಹತ್ತು ನಿಮಿಷಕ್ಕೆ ಸಿಲಿಂಡರ್ ಹೊತ್ತ ಅನುಭವ.

ಮೂರನೆಯದರ ವಿಷಯ ಹೇಳಲೇಬೇಕು. ಜೇನಿನ ಬಣ್ಣ. ಹಗುರ. ಮೀಟಿದರೆ ಅಂಗಡಿಯ ಗಾಜು ಗುನುಗಿತು. ಇದೇ, ಇದೇ ಬೇಕು ಅಂದುಕೊಂಡು, ಬೆಲೆ ಕೇಳಲು ಎಡಗೈ ತೆಗೆದೆ. ಗಿಟಾರಿನ ತಲೆ ಮಧ್ಯಾಹ್ನದ ಉಪನ್ಯಾಸದಲ್ಲಿ ಕೂತವರ ಹಾಗೆ ಮೆಲ್ಲಗೆ ತೂಗಿ ನೆಲ ನೋಡಿತು. ಮತ್ತೆ ಎತ್ತಿ ನಿಲ್ಲಿಸಿದೆ. ಮತ್ತೆ ತೂಗಿತು. ಮೈ ಹಗುರ, ತಲೆ ಭಾರ. ಇಂಥದ್ದನ್ನು ನುಡಿಸುವಾಗ ಎಡಗೈಗೆ ಎರಡು ಕೆಲಸ. ಸ್ವರವನ್ನೂ ಹಿಡಿಯಬೇಕು, ತಲೆಯನ್ನೂ ಹೊರಬೇಕು. ಹುಡುಗ ಒಳಮೈ ಒರಟಾದ ಅಗಲ ಚರ್ಮದ ಪಟ್ಟಿ ಹಾಕಿ ನೋಡಿದ, ಜಾರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಅಷ್ಟು ಚೆಂದದ ದನಿ. ನಾನು ಆಮೇಲೂ ಎರಡು ಸಲ ಅದರ ಹತ್ತಿರ ಹೋಗಿ ಬಂದೆ.

"ಆಂಟಿ, ಒಂದು ಇದೆ. ಆದ್ರೆ ನೀವು ಬೇಜಾರು ಮಾಡ್ಕೋಬಾರ್ದು" ಅಂದ. ಮೂಲೆಯಿಂದ ಕುಂಕುಮ ಬಣ್ಣದ್ದೊಂದನ್ನು ತಂದ. 30 ಇಂಚು. "ಸ್ಟೂಡೆಂಟ್ಸ್ ಜಾಸ್ತಿ ತಗೊಳ್ತಾರೆ" ಅಂದ. ಮಕ್ಕಳದ್ದು ಅನ್ನುವುದಕ್ಕೆ ಅವನ ಸಭ್ಯ ಭಾಷೆ.

ವ್ಯಾನಿಟಿ ಬ್ಯಾಗಿನಿಂದ ಟೈಲರ್ ಟೇಪು ತೆಗೆದೆ. ಬ್ಲೌಸಿನ ಅಂಗಡಿಗೆ ಹೋಗುವವಳ ಹತ್ತಿರ ಅದು ಇದ್ದೇ ಇರುತ್ತದೆ. ಮಗನ ಗಿಟಾರಿನಲ್ಲಿ ಮೊದಲ ಫ್ರೆಟ್‌ನಿಂದ ನಾಲ್ಕನೆಯದಕ್ಕೆ 13 ಸೆಂಟಿಮೀಟರ್. ಇದರಲ್ಲಿ ಸುಮಾರು ಹನ್ನೊಂದೂವರೆ. ಒಂದೂವರೆ ಸೆಂಟಿಮೀಟರ್ ಅಂದರೆ ಒಂದು ಗೋಡಂಬಿಯ ಉದ್ದವೂ ಅಲ್ಲ. ಅಷ್ಟಕ್ಕಾಗಿ ನಾನು ಮೂರು ತಿಂಗಳು ಒದ್ದಾಡಿದ್ದೆ. ಹೆಗಲಿಗೆ ಹಾಕಿಕೊಂಡೆ. ಕೈ ಬಿಟ್ಟೆ. ತಲೆ ಎತ್ತಿದ ಹಾಗೇ ನಿಂತಿತು. ಮಣಿಕಟ್ಟು ನೆಟ್ಟಗೆ ಇತ್ತು.

ದನಿ ಮಾತ್ರ ಒದ್ದೆ ಗೋಣಿಚೀಲ ಕೆಳಗೆ ಹಾಕಿದ ಹಾಗಿತ್ತು. ತಂತಿ ಗಿಡ್ಡ, ಆದರೆ ಸ್ವರ ಅಷ್ಟೇ ತಗ್ಗಿಗೆ ಹೋಗಬೇಕು. ಅದಕ್ಕೆ ಬಿಗಿ ಸಡಿಲಿಸಲೇಬೇಕು, ದಪ್ಪ ತಂತಿ ಜೋಲುತ್ತದೆ. ನನ್ನ ಮುಖ ನೋಡಿ ಹುಡುಗ ಬೇರೆ ತಂತಿ ಹಾಕಿದ. ಫ್ಲಾಟ್‌ವೌಂಡ್ ಅಂತೆ. ಮೇಲೆ ಸುತ್ತಿರುವುದು ದುಂಡನೆ ತಂತಿಯಲ್ಲ, ಚಪ್ಪಟೆ ಪಟ್ಟಿ. ಬೆರಳಿಗೆ ರೇಷ್ಮೆ ಅಂಚು ಸವರಿದ ಹಾಗೆ. ಸ್ವಲ್ಪ ಬಿಗಿ ಜಾಸ್ತಿ, ಆದರೆ ಜೋಲಾಟ ನಿಂತಿತು. ಮೀಟಿದೆ. ಮೃದಂಗದ ಎಡಗಡೆಗೆ ರವೆ ಮೆತ್ತಿದ ಮೇಲೆ ಬರುವ ಧುಂ ಇದೆಯಲ್ಲ, ಅದು. ಜೇನು ಬಣ್ಣದ್ದರ ಹಾಗೆ ಗಾಜು ಗುನುಗಲಿಲ್ಲ. ನಮ್ಮನೆ ತಟ್ಟೆಗಳಿಗೆ ಇಷ್ಟು ಸಾಕು.

ಹುಡುಗನೂ ಸಮಾಧಾನ ಹೇಳಿದ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಪಿಟೀಲಿನ ಆಕಾರದ ಹಾಫ್ನರ್ ಬೇಸೂ 30 ಇಂಚಿನದೇ. ಅದು 1972ರಲ್ಲಿ ಕಳುವಾಗಿ, ಮತ್ತೆ ಸಿಕ್ಕಿತು ಅನ್ನೋ ಸುದ್ದಿ ಬಂದದ್ದು 2024ರಲ್ಲಿ. (ನಮ್ಮ ಮದುವೆಯಲ್ಲಿ ಕಳೆದ ಬೆಳ್ಳಿ ಪಂಚಪಾತ್ರೆಯ ಬಗ್ಗೆ ನಾನಿನ್ನೂ ಆಸೆ ಬಿಟ್ಟಿಲ್ಲ.) ಮಗನ ಗಿಟಾರು ಕೊಟ್ಟು, ಮೇಲೆ 8,500 ರೂಪಾಯಿ ಕೊಟ್ಟು ಇದನ್ನು ತಂದೆ.

ಈಗ ಅರ್ಧ ಗಂಟೆ ನುಡಿಸಿ ಹತ್ತು ನಿಮಿಷ ಬಿಡುತ್ತೇನೆ. ನೋವಿಲ್ಲ. ಆದರೆ ನೋವಿಲ್ಲ ಅಂತ ಬಾಯಿ ಬಿಟ್ಟು ಹೇಳಿದರೆ ಚಪಾತಿ ಹಿಟ್ಟು ಮತ್ತೆ ನನ್ನ ಪಾಲಿಗೆ ಬರುತ್ತದೆ. ಅಷ್ಟರಲ್ಲಿ ಇವರು ನಾದುವುದು ಚೆನ್ನಾಗಿ ಕಲಿತಿದ್ದರು. ಕಲಿತ ವಿದ್ಯೆ ಯಾಕೆ ಹಾಳಾಗಬೇಕು? ಹಾಗಾಗಿ ರಾತ್ರಿ ಏಳೂವರೆಗೆ ಸರಿಯಾಗಿ ಪಟ್ಟಿ ಕಟ್ಟಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಯುಗಾದಿಯ ಹಿಂದಿನ ದಿನ ಅವಸರದಲ್ಲಿ ಎಡವಟ್ಟಾಯಿತು. ಅತ್ತೆಗೆ ಕಿವಿ ಮಂದ ಅಂದೆನೇ ಹೊರತು ಕಣ್ಣು ಮಂದ ಅಂದೆನಾ?

"ಅಲ್ವೇ," ಅಂದರು, "ನಿನ್ನ ನೋವು ಬಲಗೈಗೆ ಯಾವಾಗ ವರ್ಗ ಆಯ್ತು?"

ಇವರು ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದರು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೆಲ್ ಆಯಿತು. ದೇವರು ದೊಡ್ಡವನು. ಮಗ ಪುಣೆಯಿಂದ ಬಂದಿದ್ದ. ಬ್ಯಾಗು ಕೆಳಗಿಟ್ಟವನು ಹಾಲಿನ ಮೂಲೆಯಲ್ಲಿ ನಿಂತಿದ್ದ ಕುಂಕುಮ ಬಣ್ಣದ ಪುಟ್ಟ ಬೇಸನ್ನು ನೋಡಿದ. ಹತ್ತಿರ ಹೋದ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಮ್ಮಾ, ಇದನ್ನೂ ಮಷೀನಿಗೆ ಹಾಕಿದ್ಯಾ?"